ಕನ್ನಡ ಸೈಟಿಗೆ ಬಗ್ಗುವ ಥೀಮ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಣ್ಣಪುಟ್ಟ ಕನ್ನಡ ಸೈಟ್‌ಗಳಿಗೆ ವರ್ಡ್‌ಪ್ರೆಸ್ ಥೀಮ್ ಮಾಡಿಕೊಡುತ್ತೇನೆ. ವರ್ಡ್‌ಪ್ರೆಸ್ ಅಂದರೆ ಸೈಟ್ ನಡೆಸುವ ಸಾಫ್ಟ್‌ವೇರ್, ಥೀಮ್ ಅಂದರೆ ಆ ಸೈಟಿನ ವೇಷ. ಸಾಹಿತ್ಯ ಪತ್ರಿಕೆ, ಶಾಲೆ, ಸಹಕಾರ ಸಂಘ, ಯಕ್ಷಗಾನ ಮೇಳ, ಒಂದೆರಡು ಮಸಾಲೆಪುಡಿ ಅಂಗಡಿ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಪ್ರತಿ ಸಲ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಥೀಮ್ ಮಾಡುವವರಿಗೂ ಮಾಡಿಸುವವರಿಗೂ ಅರ್ಥವಾಗಲಿ ಅಂತ ಕೋಡನ್ನೂ ಮಾತಿನಲ್ಲೇ ಹೇಳಿದ್ದೇನೆ.

"ಬಗ್ಗುವ ಥೀಮ್" ಅಂತ ಹೇಳ್ತಾ ಇರ್ತೀರಿ. ಹಾಗಂದರೆ ಏನು?

ನಾವು ಶಾಲೆಗೆ ಹೋಗುವಾಗ ಮೇ ಕೊನೆಯಲ್ಲಿ ಯೂನಿಫಾರ್ಮ್ ಹೊಲಿಯಲು ಕೊಡುತ್ತಿದ್ದೆವು. ಅಮ್ಮ ಟೈಲರ್‌ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲೀರಿ." ಮುಂದಿನ ವರ್ಷ ನಾವು ಎರಡು ಇಂಚು ಬೆಳೆದಿದ್ದರೆ ಅಂಚಿನ ಹೊಲಿಗೆ ಬಿಚ್ಚಿ ಇಳಿಸಿದರಾಯಿತು. ಆ ಮಡಿಕೆ ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ.

ಥೀಮ್‌ನಲ್ಲೂ ಅಷ್ಟೇ. ಇವತ್ತು ನಾಲ್ಕು ಲೇಖನ ಇರುವ ಸೈಟಿನಲ್ಲಿ ನಾಳೆ ನಾನೂರು ಇರಬಹುದು. ಬಣ್ಣ ಬದಲಾಗಬಹುದು, ಫಾಂಟ್ ಬದಲಾಗಬಹುದು, ಇಂಗ್ಲಿಷ್ ಪುಟಗಳು ಸೇರಬಹುದು. ಓದುವವರು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿರಬಹುದು. ಆಗ ಒಂದು ಕಡೆ ಹೊಲಿಗೆ ಬಿಚ್ಚಿದರೆ ಸಾಕಾಗಬೇಕು. ಎಲ್ಲ ಕಡೆ ಹರಿದು ಮತ್ತೆ ಹೊಲಿಯುವ ಹಾಗಿದ್ದರೆ ಅದು ಬಗ್ಗುವ ಥೀಮ್ ಅಲ್ಲ.

ವಿಷಯ ಬೇರೆ, ವೇಷ ಬೇರೆ ಅನ್ನುವ ಯೋಚನೆ ಹಳೆಯದು. 2003ರಲ್ಲಿ ಡೇವ್ ಶೇ ಅನ್ನುವವರು 'ಸಿಎಸ್‌ಎಸ್ ಝೆನ್ ಗಾರ್ಡನ್' ಅಂತ ಒಂದು ಸೈಟ್ ಮಾಡಿದರು. ಪುಟದ ವಿಷಯ ಇರುವ ಎಚ್‌ಟಿಎಂಎಲ್ ಮುಟ್ಟುವ ಹಾಗಿಲ್ಲ, ಅದರ ವೇಷ ಹೇಳುವ ಸಿಎಸ್‌ಎಸ್ ಫೈಲ್ ಮತ್ತು ಅದರ ಚಿತ್ರಗಳನ್ನು ಮಾತ್ರ ಬದಲಿಸಬಹುದು. ಬೇರೆ ಬೇರೆಯವರು ಕಳಿಸಿದ ವಿನ್ಯಾಸಗಳನ್ನು ನೋಡಿದರೆ ಎಲ್ಲ ಒಂದೇ ಪುಟ ಅಂತ ನಂಬೋದು ಕಷ್ಟ. 2005ರಲ್ಲಿ ವರ್ಡ್‌ಪ್ರೆಸ್ 1.5ರ ಜೊತೆ ಥೀಮ್ ವ್ಯವಸ್ಥೆ ಬಂತು. 2010ರಲ್ಲಿ ಈಥನ್ ಮಾರ್ಕಾಟ್ 'ರೆಸ್ಪಾನ್ಸಿವ್' ಅನ್ನುವ ಮಾತನ್ನು ಬಳಕೆಗೆ ತಂದರು. ಪರದೆ ಎಷ್ಟು ಅಗಲವೋ ಪುಟ ಅಷ್ಟಕ್ಕೆ ಹೊಂದಿಕೊಳ್ಳಬೇಕು ಅನ್ನೋದು ಅದರ ಅರ್ಥ.

ಇವೆಲ್ಲ ಸರಿ. ಆದರೆ ಕನ್ನಡದ ಥೀಮ್ ಮೊದಲು ಬಗ್ಗಬೇಕಾದ್ದು ಕನ್ನಡ ಅಕ್ಷರಕ್ಕೆ. ನಮಗೆ ಸಿಗುವ ಬಹುಪಾಲು ಥೀಮ್‌ಗಳು ಇಂಗ್ಲಿಷ್ ಅಕ್ಷರದ ಅಳತೆ ತೆಗೆದು ಹೊಲಿದವು. ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟಿದ್ದೇ ಅಲ್ಲಿಂದ.

ಕನ್ನಡ ಹಾಕಿದ ತಕ್ಷಣ ಥೀಮ್ ಕೆಟ್ಟದಾಗಿ ಕಾಣುತ್ತದೆ. ಡೆಮೋದಲ್ಲಿ ಚೆನ್ನಾಗಿತ್ತಲ್ಲ?

ಡೆಮೋದಲ್ಲಿ ಇದ್ದದ್ದು ಇಂಗ್ಲಿಷ್. ಅದರಲ್ಲಿ ಜಿ, ಪಿ, ವೈ ಥರದ ನಾಲ್ಕಾರು ಅಕ್ಷರ ಬಿಟ್ಟರೆ ಉಳಿದವು ಗೆರೆಯಿಂದ ಕೆಳಗೆ ಇಳಿಯುವುದಿಲ್ಲ. ನಮ್ಮಲ್ಲಿ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು. 'ರಾಷ್ಟ್ರ', 'ಸ್ತ್ರೀ' ಬಂದರೆ ಒತ್ತಿನ ಜೊತೆ ಇನ್ನೊಂದು ಒತ್ತು. ಒಂದು ಸಾಲಿಗೆ ಬೇಕಾದ ಎತ್ತರವೇ ಜಾಸ್ತಿ.

ಇಂಗ್ಲಿಷ್ ಥೀಮ್‌ಗಳಲ್ಲಿ ಶೀರ್ಷಿಕೆಯ ಲೈನ್ ಹೈಟ್, ಅಂದರೆ ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು ಅನ್ನೋದು, 1.1 ಅಥವಾ 1.2 ಇರುತ್ತದೆ. ಅದರಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಬಡಿಯುತ್ತದೆ. ನಾನು ಶೀರ್ಷಿಕೆಗೆ 1.4, ಓದುವ ಬರಹಕ್ಕೆ 1.7ರಿಂದ 1.8 ಇಡುತ್ತೇನೆ. ಫಾಂಟ್ ನೋಡಿಕೊಂಡು ಅಲ್ಪಸ್ವಲ್ಪ ಆಚೀಚೆ.

ಸಾಲು ತಾಗಿದರೆ ಬರೀ ಅಂದ ಕೆಡುತ್ತದೆ. ಎತ್ತರ ಕಟ್ಟಿಹಾಕಿದ ಡಬ್ಬಿಯಲ್ಲಿ ಕನ್ನಡ ಹಾಕಿದರೆ ಅರ್ಥವೇ ಕೆಡುತ್ತದೆ. ನಾನೇ ಮಾಡಿದ ಒಂದು ಮಕ್ಕಳ ಸೈಟಿನಲ್ಲಿ ಕಾರ್ಡಿನ ಶೀರ್ಷಿಕೆಗೆ 28 ಪಿಕ್ಸೆಲ್ ಎತ್ತರ ಕೊಟ್ಟು, ಮಿಕ್ಕಿದ್ದನ್ನು ಮುಚ್ಚು ಅಂತ ಬರೆದಿದ್ದೆ. ಕತೆಯ ಹೆಸರು 'ಜಾಣ ಕತ್ತೆ'. ಕೆಳಗಿನ ತವೊತ್ತು ಕತ್ತರಿಸಿಹೋಗಿ ಮೊದಲ ಪುಟದಲ್ಲಿ 'ಜಾಣ ಕತೆ' ಅಂತ ಕಾಣುತ್ತಿತ್ತು. ಅದಕ್ಕೂ ಒಂದು ಅರ್ಥ ಇದೆ ಅನ್ನೋದೇ ಎಡವಟ್ಟು. ಮೂರು ವಾರ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಪಕ್ಕದ ಕಾರ್ಡಿನಲ್ಲಿ 'ಹಳ್ಳಿ' ಹೋಗಿ 'ಹಳಿ' ಆದಾಗ ಒಬ್ಬ ಮೇಷ್ಟ್ರು ಫೋನ್ ಮಾಡಿ, "ಇಲ್ಲಿ ರೈಲು ಎಲ್ಲಿಂದ ಬಂತಪ್ಪಾ?" ಅಂತ ಕೇಳಿದರು.

ಅವತ್ತಿನಿಂದ ಬರಹ ಇರುವ ಯಾವ ಡಬ್ಬಿಗೂ ನಾನು ಹೈಟ್ ಕೊಡುವುದಿಲ್ಲ. ಒಳಗೆ ಪ್ಯಾಡಿಂಗ್ (ಅಂಚಿನ ಖಾಲಿ ಜಾಗ) ಕೊಡುತ್ತೇನೆ, ತೀರಾ ಬೇಕಿದ್ದರೆ ಕನಿಷ್ಠ ಎತ್ತರ ಅಷ್ಟೇ. ಬಟನ್, ಮೆನು, ಟ್ಯಾಗ್, ಟೇಬಲ್ಲಿನ ಖಾನೆ, ಎಲ್ಲದಕ್ಕೂ ಇದೇ ನಿಯಮ.

ಇದರ ಜೊತೆಗೇ ಸರಿ ಮಾಡಬೇಕಾದ ಇನ್ನೆರಡು ಇವೆ. ಲೆಟರ್ ಸ್ಪೇಸಿಂಗ್ ಕನ್ನಡಕ್ಕೆ ಸೊನ್ನೆ ಮಾಡಿ. ಇಂಗ್ಲಿಷ್ ಮೆನುಗಳಲ್ಲಿ ಅಕ್ಷರ ಬಿಡಿಸಿ ಇಡೋದು ಫ್ಯಾಷನ್, ಕನ್ನಡದಲ್ಲಿ ಹಾಗೆ ಮಾಡಿದರೆ ಪದ ಉದುರಿದ ಹಲ್ಲಿನ ಹಾಗೆ ಕಾಣುತ್ತದೆ. ಇನ್ನು ಲಿಂಕಿನ ಅಡಿಗೆರೆ. ಅದು ಒತ್ತಿನ ನಡುವೆಯೇ ಹಾದುಹೋಗುತ್ತದೆ. 'ಅಂಡರ್‌ಲೈನ್ ಆಫ್‌ಸೆಟ್' ಅಂತ ಒಂದು ಸಿಎಸ್‌ಎಸ್ ಗುಣ ಇದೆ. ಅದರಿಂದ ಗೆರೆಯನ್ನು ಅಕ್ಷರದ ಗಾತ್ರದ ಮೂರರಲ್ಲಿ ಒಂದು ಪಾಲಿನಷ್ಟು ಕೆಳಗಿಳಿಸಿ.

ಥೀಮ್ ಮಾಡಲು ಕೂತಾಗ ಮೊದಲು ಏನು ಮಾಡಬೇಕು?

ಕಂಪ್ಯೂಟರ್ ಬಂದ್ ಮಾಡಿ ಹಾಳೆ ತಗೊಳ್ಳಿ. ಹಿನ್ನೆಲೆ, ಬರಹ, ಲಿಂಕ್, ಬಟನ್, ಗೆರೆ ಅಂತ ಐದು ಹೆಸರು ಬರೆದು ಮುಂದೆ ಐದು ಬಣ್ಣ ಬರೆಯಿರಿ. ಅಕ್ಷರಕ್ಕೆ ನಾಲ್ಕೋ ಐದೋ ಗಾತ್ರ. ಖಾಲಿ ಜಾಗಕ್ಕೆ ಆರು ಅಳತೆ. ನಾನು ಬಳಸೋದು 4, 8, 16, 24, 40, 64. ಇಷ್ಟು ಆದ ಮೇಲೆ ಥೀಮ್‌ನಲ್ಲಿ ಬೇರೆ ಯಾವ ಅಳತೆಯೂ ಯಾವ ಬಣ್ಣವೂ ನೇರವಾಗಿ ಬರಬಾರದು. ಎಲ್ಲ ಕಡೆ ಈ ಹೆಸರುಗಳನ್ನೇ ಕರೆಯಬೇಕು.

ಸಿಎಸ್‌ಎಸ್‌ನಲ್ಲಿ ಇದಕ್ಕೆ ಕಸ್ಟಮ್ ಪ್ರಾಪರ್ಟಿ ಅನ್ನುತ್ತಾರೆ. ವರ್ಡ್‌ಪ್ರೆಸ್‌ನಲ್ಲಾದರೆ ಥೀಮ್ ಡಾಟ್ ಜೇಸನ್ ಅನ್ನುವ ಒಂದೇ ಫೈಲಿನಲ್ಲಿ ಬರೆದಿಟ್ಟರೆ ಕಸ್ಟಮ್ ಪ್ರಾಪರ್ಟಿಗಳನ್ನು ಅದೇ ತಯಾರು ಮಾಡಿಕೊಡುತ್ತದೆ. 2021ರ 5.8 ಆವೃತ್ತಿಯಿಂದ ಈ ಸೌಲಭ್ಯ ಇದೆ.

ಹೆಸರು ಇಡುವಾಗ ಹುಷಾರು. ಬಣ್ಣಕ್ಕೆ ಬಣ್ಣದ ಹೆಸರಿಡಬೇಡಿ, ಅದು ಮಾಡುವ ಕೆಲಸದ ಹೆಸರಿಡಿ. ಒಂದು ಸಹಕಾರ ಸಂಘದ ಸೈಟಿಗೆ ನಾನು ಬಟನ್ ಬಣ್ಣವನ್ನು 'ಕೆಂಪು' ಅಂತಲೇ ಕರೆದಿದ್ದೆ. ಆರು ತಿಂಗಳಾದ ಮೇಲೆ ಆಡಳಿತ ಮಂಡಳಿ ಬದಲಾಯಿತು, ಬಣ್ಣ ಹಸಿರು ಆಗಬೇಕು ಅಂದರು. ಒಂದು ಸಾಲು ಬದಲಿಸಿ ಕೆಲಸ ಮುಗಿಸಿದೆ. ಇವತ್ತಿಗೂ ಆ ಕೋಡಿನಲ್ಲಿ 'ಕೆಂಪು' ಅಂದರೆ ಹಸಿರು. ಹೊಸದಾಗಿ ಬಂದ ಹುಡುಗ ಎರಡು ದಿನ ತಲೆ ಕೆರೆದುಕೊಂಡ.

ಯಾವ ಕನ್ನಡ ಫಾಂಟ್ ಹಾಕೋದು?

ಉಚಿತವಾಗಿ, ಮುಕ್ತ ಲೈಸೆನ್ಸ್‌ನಲ್ಲಿ ಸಿಗುವ ಫಾಂಟ್‌ಗಳು ಈಗ ಸಾಕಷ್ಟಿವೆ. ಓದುವ ಬರಹಕ್ಕೆ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ. ಶೀರ್ಷಿಕೆಗೆ ಬಾಲೂ ತಮ್ಮ, ಅನೇಕ್ ಕನ್ನಡ. ನನಗೆ ಅನೇಕ್ ಕನ್ನಡದ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಅದು ವೇರಿಯಬಲ್ ಫಾಂಟ್. ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಉದ್ದ ಪದ ಫೋನಿನಲ್ಲಿ ಹಿಡಿಸದಿದ್ದರೆ ಗಾತ್ರ ಇಳಿಸದೆ ಅಗಲ ಮಾತ್ರ ಸ್ವಲ್ಪ ಒತ್ತಿಬಿಡಬಹುದು. ಕನ್ನಡಕ್ಕೆ ಇದು ದೊಡ್ಡ ಉಪಕಾರ.

ಫಾಂಟ್ ಆರಿಸುವಾಗ ಮೊದಲು ನೋಡಬೇಕಾದ್ದು ಅದಕ್ಕೆ ಎಷ್ಟು ದಪ್ಪಗಳಿವೆ ಅನ್ನೋದು. ಹುಬ್ಬಳ್ಳಿ, ಬೆಣ್ಣೆ ಥರದ ಚಂದದ ಫಾಂಟ್‌ಗಳು ಒಂದೇ ದಪ್ಪದಲ್ಲಿವೆ. ನೀವು ಬೋಲ್ಡ್ ಕೇಳಿದರೆ ಬ್ರೌಸರ್ ತಾನೇ ಅಕ್ಷರದ ಸುತ್ತ ಮಸಿ ಬಳಿದು ಸುಳ್ಳು ಬೋಲ್ಡ್ ಮಾಡಿ ಕೊಡುತ್ತದೆ. ಥದ ಹೊಟ್ಟೆಯೊಳಗಿನ ಚುಕ್ಕಿ ತುಂಬಿಹೋಗಿ ಧ ಥರ ಕಾಣುತ್ತದೆ. ರಥ ಹೋಗಿ ರಧ. ಇದಕ್ಕೆ 'ಫಾಂಟ್ ಸಿಂಥೆಸಿಸ್' ಬೇಡ ಅಂತ ಒಂದು ಸಾಲು ಬರೆದರೆ ಸುಳ್ಳು ಬೋಲ್ಡ್ ನಿಲ್ಲುತ್ತದೆ. ಆಮೇಲೆ ಒತ್ತಿ ಹೇಳಲು ಬಣ್ಣವನ್ನೋ ಗಾತ್ರವನ್ನೋ ಬಳಸಿ.

ಇಟಾಲಿಕ್ ಕೂಡ ಹಾಗೇ. ಕನ್ನಡದಲ್ಲಿ ಆ ರೂಢಿ ಇಲ್ಲ. ತಿರೋ ಕನ್ನಡದಂಥ ಒಂದೆರಡು ಫಾಂಟಿಗೆ ಬಿಟ್ಟರೆ ಬೇರೆಯದರಲ್ಲಿ ಬ್ರೌಸರ್ ಅಕ್ಷರವನ್ನು ಸುಮ್ನೆ ಪಕ್ಕಕ್ಕೆ ವಾಲಿಸುತ್ತದೆ. ದೊಡ್ಡಕ್ಷರ–ಸಣ್ಣಕ್ಷರದ ಭೇದವೂ ನಮಗಿಲ್ಲ. ಅಂದರೆ ಇಂಗ್ಲಿಷ್ ವಿನ್ಯಾಸಕಾರರ ಕೈಯಲ್ಲಿರುವ ಎರಡು ಸಲಕರಣೆ ನಮ್ಮ ಕೈಯಲ್ಲಿ ಇಲ್ಲ. ಗಾತ್ರ, ದಪ್ಪ, ಬಣ್ಣ, ಖಾಲಿ ಜಾಗ, ಈ ನಾಲ್ಕರಲ್ಲೇ ಎಲ್ಲ ಹೇಳಬೇಕು.

ಫಾಂಟ್ ಫೈಲ್ ಭಾರ ಅಲ್ವಾ? ಸೈಟ್ ನಿಧಾನ ಆಗಲ್ವಾ?

ಕನ್ನಡ ಫಾಂಟಿನಲ್ಲಿ ಒತ್ತುಗಳು, ಗುಣಿತಾಕ್ಷರಗಳು ಸೇರಿ ನೂರಾರು ಆಕಾರ ಇರುತ್ತವೆ. ಹಾಗಾಗಿ ಇಂಗ್ಲಿಷ್‌ಗಿಂತ ಸ್ವಲ್ಪ ಭಾರ ಹೌದು. ವಾಫ್2 ಅನ್ನುವ, ವೆಬ್‌ಗೆಂದೇ ಕುಗ್ಗಿಸಿದ ರೂಪದಲ್ಲಿ ಇಡಿ, ಎರಡಕ್ಕಿಂತ ಹೆಚ್ಚು ಫೈಲ್ ಬೇಡ. ಭಾರ ಇಳಿಸುತ್ತೇನೆ ಅಂತ ಫಾಂಟನ್ನು ಕತ್ತರಿಸಲು ಹೋಗುವವರು ಅಕ್ಷರ ಜೋಡಿಸುವ ಲೇಔಟ್ ಫೀಚರ್‌ಗಳನ್ನೂ ಕತ್ತರಿಸಿಬಿಡುತ್ತಾರೆ. ಆಗ ಒತ್ತು ಕೂಡುವುದೇ ಇಲ್ಲ, 'ಅಮ್ಮ' ಎರಡು ಮ ಆಗಿ ಪಕ್ಕ ಪಕ್ಕ ನಿಲ್ಲುತ್ತಾಳೆ.

ಫಾಂಟ್ ಬರುವ ತನಕ ಓದುಗ ಖಾಲಿ ಪುಟ ನೋಡಬಾರದು. ಅದಕ್ಕೆ ಫಾಂಟ್ ಡಿಸ್‌ಪ್ಲೇಗೆ 'ಸ್ವಾಪ್' ಕೊಡಿ. ಅಲ್ಲಿಯವರೆಗೆ ಫೋನಿನದೇ ಫಾಂಟ್ ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ ನೋಟೋ, ಈಗಿನ ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಹಳೆಯದರಲ್ಲಿ ತುಂಗಾ, ಆಪಲ್‌ನಲ್ಲಿ ಕನ್ನಡ ಸಂಗಮ್. ಇವು ಒಂದೊಂದೂ ಒಂದೊಂದು ಗಾತ್ರ. ಅದಕ್ಕೇ ಹೇಳಿದ್ದು, ಎತ್ತರ ಕಟ್ಟಿಹಾಕಬೇಡಿ ಅಂತ.

ಒಂದೇ ಪುಟದಲ್ಲಿ ಕನ್ನಡವೂ ಇಂಗ್ಲಿಷೂ ಇದೆ. ಒಂದು ದೊಡ್ಡದು, ಇನ್ನೊಂದು ಸಣ್ಣದು ಕಾಣುತ್ತದೆ.

ಎರಡು ಫಾಂಟ್ ಬೇರೆ ಬೇರೆಯವರು ಮಾಡಿದ್ದರೆ ಹಾಗೇ ಆಗೋದು. ಎರಡೂ 18 ಪಿಕ್ಸೆಲ್ ಅಂದರೂ ಕಣ್ಣಿಗೆ ಒಂದೇ ಅಲ್ಲ. ಸುಲಭದ ದಾರಿ: ಎರಡೂ ಲಿಪಿ ಒಟ್ಟಿಗೆ ವಿನ್ಯಾಸವಾದ ಫಾಂಟ್ ಕುಟುಂಬ ಬಳಸಿ. ನೋಟೋ, ಅನೇಕ್, ಬಾಲೂ ಮೂರೂ ಹಾಗಿವೆ.

ಬೇರೆ ಬೇರೆಯೇ ಬೇಕು ಅಂದರೆ ಕನ್ನಡ ಫಾಂಟಿಗೆ ಯೂನಿಕೋಡ್ ರೇಂಜ್ ಬರೆದು, ಕನ್ನಡ ಅಕ್ಷರಕ್ಕೆ ಮಾತ್ರ ಅದು ಬರುವ ಹಾಗೆ ಮಾಡಿ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಟ್ಟ ಪಟ್ಟಿ. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಇದೆ. ಆದರೆ ಆ ಬೀದಿ ಒಂದೇ ಸಾಲದು. 'ಸಾಫ್ಟ್‌ವೇರ್' ಅಂತ ಸರಿಯಾಗಿ ಕಾಣಬೇಕಾದರೆ ಟದ ಕೆಳಗೆ ವ ಹೋಗಿ ಕೂರದಂತೆ ತಡೆಯುವ ಒಂದು ಕಾಣದ ಗುರುತು ಬೇಕು. ಅದರ ಮನೆ ಬೇರೆ ಬೀದಿಯಲ್ಲಿದೆ. ರೂಪಾಯಿ ಚಿಹ್ನೆಯೂ ಅಷ್ಟೇ. ಅವೆರಡನ್ನೂ ರೇಂಜಿಗೆ ಸೇರಿಸಿ. ಗಾತ್ರದ ವ್ಯತ್ಯಾಸ ಉಳಿದರೆ 'ಸೈಜ್ ಅಡ್ಜಸ್ಟ್' ಅಂತ ಇದೆ. ಒಂದು ಫಾಂಟನ್ನು ಮಾತ್ರ 105 ಶೇಕಡಾ ಮಾಡಿ ಎರಡನ್ನೂ ಸಮ ತರಬಹುದು.

ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ಹೇಳಿದ್ದೀರಾ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಸೈಟ್ ಭಾಷೆ ಕನ್ನಡ ಮಾಡಿದರೆ ಅದೇ ಬರೆದುಕೊಳ್ಳುತ್ತದೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಯಾವ ದನಿಯಲ್ಲಿ ಓದಬೇಕು ಅಂತ ಗೊತ್ತು ಮಾಡಿಕೊಳ್ಳುವುದು ಅದರಿಂದಲೇ. ಇನ್ನೊಂದು ಲಾಭ: ಕನ್ನಡ ಪುಟಕ್ಕೆ 1.75 ಲೈನ್ ಹೈಟ್, ಇಂಗ್ಲಿಷ್ ಪುಟಕ್ಕೆ 1.5 ಅಂತ ಭಾಷೆ ನೋಡಿಕೊಂಡು ಥೀಮ್ ತಾನೇ ಬದಲಾಗುತ್ತದೆ.

ಶೀರ್ಷಿಕೆ ಫೋನಿನಲ್ಲಿ ಪರದೆಯಿಂದ ಆಚೆ ಹೋಗುತ್ತಿದೆ.

'ವಿಶ್ವವಿದ್ಯಾನಿಲಯಗಳಲ್ಲಿ', 'ಪ್ರಾರಂಭವಾಗಬೇಕಾಗಿದ್ದರಿಂದ'. ಇಂಥ ಪದಗಳು ನಮ್ಮಲ್ಲಿ ದಿನಬೆಳಗಾದರೆ ಬರುತ್ತವೆ. 40 ಪಿಕ್ಸೆಲ್ ಅಕ್ಷರದಲ್ಲಿ ಇವು 320 ಪಿಕ್ಸೆಲ್ ಅಗಲದ ಫೋನಿಗೆ ಹಿಡಿಸುವುದಿಲ್ಲ. ಪದ ಪರದೆ ದಾಟಿದರೆ ಇಡೀ ಪುಟ ಎಡಕ್ಕೆ ಬಲಕ್ಕೆ ಓಲಾಡುತ್ತದೆ.

ಸಿಎಸ್‌ಎಸ್‌ನಲ್ಲಿ 'ಕ್ಲ್ಯಾಂಪ್' ಅಂತ ಒಂದು ಲೆಕ್ಕ ಇದೆ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ನಡುವೆ ಪರದೆಯ ಅಗಲಕ್ಕೆ ತಕ್ಕಂತೆ ಬೆಳೆ ಅಂತ ಹೇಳಬಹುದು. ನಾನು ಮುಖ್ಯ ಶೀರ್ಷಿಕೆಗೆ ಫೋನಿನಲ್ಲಿ 26, ದೊಡ್ಡ ಪರದೆಯಲ್ಲಿ 42 ಇಡುತ್ತೇನೆ. ಇಂಗ್ಲಿಷ್ ಥೀಮ್‌ಗಳ 64, 72 ನಮಗೆ ಬೇಡವೇ ಬೇಡ. ಇದನ್ನು ಪಿಕ್ಸೆಲ್‌ನಲ್ಲಿ ಬರೆಯದೆ, ಬ್ರೌಸರ್‌ನ ಮೂಲ ಅಕ್ಷರ ಗಾತ್ರಕ್ಕೆ ತಕ್ಕಂತೆ ಬದಲಾಗುವ 'ರೆಮ್' ಅಳತೆಯಲ್ಲಿ ಬರೆಯಿರಿ. ಅಜ್ಜ ಬ್ರೌಸರ್‌ನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದರೆ ನಿಮ್ಮ ಸೈಟೂ ಅವರ ಮಾತು ಕೇಳುತ್ತದೆ.

ಅಷ್ಟಾದರೂ ಹಿಡಿಸದ ಪದಕ್ಕೆ 'ಓವರ್‌ಫ್ಲೋ ರ‍್ಯಾಪ್' ಕೊಡಿ. ಬೇರೆ ದಾರಿ ಇಲ್ಲದಾಗ ಮಾತ್ರ ಪದ ಮುರಿದು ಕೆಳಗಿಳಿಯುತ್ತದೆ. 'ವರ್ಡ್ ಬ್ರೇಕ್: ಬ್ರೇಕ್ ಆಲ್' ಬೇಡ. ಅದು ಜಾಗ ಇದ್ದರೂ ಎಲ್ಲೆಂದರಲ್ಲಿ ಮುರಿಯುತ್ತದೆ.

ಕಾರ್ಡುಗಳ ವಿಷಯದಲ್ಲಿ ಪರದೆಯ ಅಗಲ ನೋಡುವುದಕ್ಕಿಂತ ಕಾರ್ಡು ಕೂತಿರುವ ಜಾಗದ ಅಗಲ ನೋಡುವುದು ಜಾಣತನ. ಅದಕ್ಕೆ ಕಂಟೇನರ್ ಕ್ವೆರಿ ಅನ್ನುತ್ತಾರೆ. 2023ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಅದೇ ಕಾರ್ಡನ್ನು ಪಕ್ಕದ ಪಟ್ಟಿಗೆ ಹಾಕಿದರೆ ಚಿತ್ರ ಮೇಲೆ, ಬರಹ ಕೆಳಗೆ. ನಡುವಿನ ಅಗಲ ಜಾಗಕ್ಕೆ ಹಾಕಿದರೆ ಅಕ್ಕಪಕ್ಕ. ಕಾರ್ಡು ಒಂದೇ.

ನವೆಂಬರ್ ಒಂದು ತಿಂಗಳು ಮಾತ್ರ ಸೈಟ್ ಹಳದಿ–ಕೆಂಪು ಆಗಬೇಕು. ಆಗುತ್ತಾ?

ಆಗುತ್ತದೆ. ಅಕ್ಟೋಬರ್ ಕೊನೆ ವಾರದಲ್ಲಿ ಈ ಫೋನ್ ಬಾರದ ವರ್ಷ ಇಲ್ಲ. 'ನವೆಂಬರ್ ಕನ್ನಡಿಗರು' ಅಂತ ನಗಬೇಡಿ, ಥೀಮ್ ಬಗ್ಗುತ್ತದೋ ಇಲ್ಲವೋ ಅಂತ ನೋಡಲು ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಮೇಲೆ ಹೇಳಿದ ಐದು ಬಣ್ಣ ಹೆಸರಿನಲ್ಲಿದ್ದರೆ, ರಾಜ್ಯೋತ್ಸವಕ್ಕೆ ಇನ್ನೊಂದು ಐದು ಬಣ್ಣದ ಪಟ್ಟಿ ಮಾಡಿಟ್ಟರಾಯಿತು. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಸ್ಟೈಲ್ ವೇರಿಯೇಷನ್ ಅನ್ನುತ್ತಾರೆ, 2022ರ 6.0 ಆವೃತ್ತಿಯಿಂದ ಇದೆ. ನವೆಂಬರ್ 1ಕ್ಕೆ ಅದನ್ನು ಆರಿಸಿ ಸೇವ್ ಮಾಡಿ, ಡಿಸೆಂಬರ್ 1ಕ್ಕೆ ಹಳೆಯದನ್ನು ಆರಿಸಿ.

ಆದರೆ ಬಾವುಟದ ಬಣ್ಣವನ್ನು ಹಾಗೇ ತಂದು ಅಕ್ಷರಕ್ಕೆ ಬಳಿಯಬೇಡಿ. ಹಿನ್ನೆಲೆಗೂ ಅಕ್ಷರಕ್ಕೂ ಎಷ್ಟು ವ್ಯತ್ಯಾಸ ಇರಬೇಕು ಅಂತ ಡಬ್ಲ್ಯುಸಿಎಜಿ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಲೆಕ್ಕ ಇದೆ. 1ರಿಂದ 21ರವರೆಗೆ ಅಂಕ. ಓದುವ ಬರಹಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಅಕ್ಷರಕ್ಕೆ ಬರುವುದು ಸುಮಾರು 3.7. ದೊಡ್ಡ ಶೀರ್ಷಿಕೆಗೆ ಪಾಸು, ಲೇಖನಕ್ಕೆ ಫೇಲು. ಬಿಳಿ ಮೇಲೆ ಅಚ್ಚ ಕೆಂಪಿಗೂ 4ಕ್ಕೆ ಕೂದಲೆಳೆ ಕಡಿಮೆ. ಬಿಳಿ ಮೇಲೆ ಹಳದಿ ಅಂತೂ 1.1ರ ಆಸುಪಾಸು, ಇದ್ದೂ ಇಲ್ಲದಂತೆ.

ನಾನು ಮಾಡೋದು ಹೀಗೆ. ಹಳದಿಯನ್ನು ಮೇಲಿನ ಪಟ್ಟಿಗೆ ಮಾತ್ರ ಇಡುತ್ತೇನೆ. ಅದರ ಮೇಲೆ ಕೆಂಪಿನ ಬದಲು ಒಣಗಿದ ಕುಂಕುಮದ ಬಣ್ಣ, ಕೋಡಿನಲ್ಲಿ #880000. ಅದಕ್ಕೆ 9.5 ಬರುತ್ತದೆ. ಅಚ್ಚ ಕೆಂಪು ಒಂದು ದಪ್ಪ ಗೆರೆಯಾಗಿ ಪಟ್ಟಿಯ ಕೆಳಗೆ ಇರುತ್ತದೆ. ಲೇಖನ ಯಾವತ್ತಿನ ಹಾಗೆ ಬಿಳಿ ಮೇಲೆ ಕಪ್ಪು. ದೂರದಿಂದ ನೋಡಿದರೆ ರಾಜ್ಯೋತ್ಸವ, ಹತ್ತಿರ ಬಂದರೆ ಓದಲು ಬರುತ್ತದೆ.

ಬೂದು ಬಣ್ಣದಲ್ಲಿ ದಿನಾಂಕ, ಲೇಖಕರ ಹೆಸರು ಬರೆಯುವವರಿಗೆ ಒಂದು ಮಾತು. ಬಿಳಿ ಮೇಲೆ #767676ಗೆ 4.54, #777777ಗೆ 4.48. ಒಂದೇ ಮೆಟ್ಟಿಲಲ್ಲಿ ಪಾಸು–ಫೇಲು ಬದಲಾಗುತ್ತದೆ. ಕನ್ನಡದ ಸಣ್ಣ ಅಕ್ಷರಕ್ಕೆ ನಾನಂತೂ ಇನ್ನೂ ಕಪ್ಪಗೆ, #555555 ಇಡುತ್ತೇನೆ.

ಡಾರ್ಕ್ ಮೋಡ್ ಬೇಕಾ?

ಬರಹ ಜಾಸ್ತಿ ಇರುವ ಸೈಟಿಗೆ ಬೇಕು. ರಾತ್ರಿ ದೀಪ ಆರಿಸಿ ಕತೆ ಓದುವವರು ನೀವಂದುಕೊಂಡದ್ದಕ್ಕಿಂತ ಹೆಚ್ಚು. 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಒಎಸ್ 13 ಬಂದ ಮೇಲೆ ಫೋನಿನಲ್ಲೇ ಆ ಆಯ್ಕೆ ಇದೆ. ಓದುಗರು ಯಾವುದು ಇಟ್ಟುಕೊಂಡಿದ್ದಾರೆ ಅಂತ ಸಿಎಸ್‌ಎಸ್ ನೋಡಿಕೊಂಡು ಬಣ್ಣದ ಪಟ್ಟಿ ಬದಲಿಸುತ್ತದೆ.

ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿ ಬೇಡ. ಕಪ್ಪಿನ ಮೇಲೆ ಬೆಳಕಿನ ಅಕ್ಷರ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ, ನಮ್ಮ ದುಂಡು ಅಕ್ಷರಗಳ ಹೊಟ್ಟೆ ಮುಚ್ಚಿಹೋದಂತೆ ಆಗುತ್ತದೆ. ಹಿನ್ನೆಲೆ ಗಾಢ ಬೂದು, ಅಕ್ಷರ ಸ್ವಲ್ಪ ಮಾಸಿದ ಬಿಳಿ ಮಾಡಿ. ವೇರಿಯಬಲ್ ಫಾಂಟ್ ಇದ್ದರೆ ದಪ್ಪ 400ರಿಂದ 360ಕ್ಕೆ ಇಳಿಸಿ.

ಡಾರ್ಕ್ ಮೋಡ್‌ನಲ್ಲಿ ಮಾನ ಹೋಗೋದು ಲೋಗೋದಿಂದ. ಬಿಳಿ ಚೌಕದ ಮೇಲೆ ಕೂತ ಲೋಗೋ ಕತ್ತಲೆಯಲ್ಲಿ ಟ್ಯೂಬ್‌ಲೈಟ್ ಹಾಕಿದ ಹಾಗೆ ಹೊಳೆಯುತ್ತದೆ. ಎಸ್‌ವಿಜಿ (ಗೆರೆ, ಆಕಾರಗಳನ್ನು ಕೋಡಿನಲ್ಲಿ ಬರೆದ ಚಿತ್ರ) ಲೋಗೋ ಇಟ್ಟುಕೊಂಡರೆ ಅದರ ಬಣ್ಣವನ್ನೂ ಥೀಮ್ ಬದಲಿಸಬಹುದು.

ಎಲ್ಲ ಸೆಟ್ಟಿಂಗ್ ನನ್ನ ಕೈಗೆ ಕೊಡಿ. ಯಾವ ಬಣ್ಣ ಬೇಕಾದರೂ ಹಾಕಿಕೊಳ್ಳುವ ಹಾಗೆ ಇರಲಿ.

ಇಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ಬಗ್ಗೋದು ಬೇರೆ, ಬೆನ್ನೆಲುಬೇ ಇಲ್ಲದಿರೋದು ಬೇರೆ. ಎಲ್ಲ ಬಣ್ಣ ಕೊಟ್ಟರೆ ಎಲ್ಲ ಬಣ್ಣವೂ ಬಳಕೆಯಾಗುತ್ತದೆ. ಒಂದು ಶಾಲೆಯ ಸೈಟಿನಲ್ಲಿ ವಾರ್ಷಿಕೋತ್ಸವದ ಪ್ರಕಟಣೆಗೆ ಏಳು ಬಣ್ಣ, ನಾಲ್ಕು ಗಾತ್ರ ಇತ್ತು. ದಿನಾಂಕ ಎಲ್ಲಿದೆ ಅಂತ ಪೋಷಕರು ಫೋನ್ ಮಾಡಿ ಕೇಳಿದರು.

ನಾನು ಕೊಡುವುದು ಮೂರೇ ಸ್ವಿಚ್. ಸಿದ್ಧ ಮಾಡಿದ ನಾಲ್ಕು ಬಣ್ಣದ ಪಟ್ಟಿಗಳಲ್ಲಿ ಒಂದು. ಎರಡು ಫಾಂಟ್ ಜೋಡಿಗಳಲ್ಲಿ ಒಂದು. ಮೊದಲ ಪುಟದ ಜೋಡಣೆ, ಪತ್ರಿಕೆಯ ಹಾಗೋ ಪಟ್ಟಿಯ ಹಾಗೋ. ಬಿಡಿ ಬಣ್ಣ ಆರಿಸುವುದನ್ನು ಥೀಮ್ ಡಾಟ್ ಜೇಸನ್‌ನಲ್ಲೇ ಬಂದ್ ಮಾಡಿರುತ್ತೇನೆ. ಇಷ್ಟರಲ್ಲೇ 16 ವೇಷ ಆಗುತ್ತವೆ, ಯಾವುದನ್ನು ಆರಿಸಿದರೂ ಓದಲು ಬರುತ್ತದೆ. ಮೊದಲ ವಾರ ಬೈಯುತ್ತಾರೆ. ಆಮೇಲೆ ಮರೆತುಬಿಡುತ್ತಾರೆ.

ಥೀಮ್ ಫೈಲಿನಲ್ಲಿ ಬಣ್ಣ ಬದಲಿಸಿದೆ. ಸೈಟಿನಲ್ಲಿ ಏನೂ ಆಗಲಿಲ್ಲ.

ಕ್ಯಾಶ್, ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಹಳೇ ಪ್ರತಿ, ಖಾಲಿ ಮಾಡಿ ನೋಡಿ. ಆದರೂ ಬರದಿದ್ದರೆ ಯಾರೋ ಸೈಟ್ ಎಡಿಟರ್‌ಗೆ ಹೋಗಿ ಅದೇ ಬಣ್ಣವನ್ನು ಕೈಯಾರೆ ಬದಲಿಸಿ ಸೇವ್ ಮಾಡಿದ್ದಾರೆ. ಅಲ್ಲಿ ಮಾಡಿದ್ದು ಡೇಟಾಬೇಸಿನಲ್ಲಿ ಕೂರುತ್ತದೆ, ಫೈಲಿನಲ್ಲಲ್ಲ. ಎರಡೂ ಜಗಳಕ್ಕೆ ನಿಂತರೆ ಡೇಟಾಬೇಸ್ ಗೆಲ್ಲುತ್ತದೆ. ಸೈಟ್ ಎಡಿಟರ್‌ನ ಸ್ಟೈಲ್ಸ್‌ನಲ್ಲಿ ಮೂಲಕ್ಕೆ ಮರಳಿಸುವ ಆಯ್ಕೆ ಇದೆ. ಒತ್ತುವ ಮುಂಚೆ ಅಲ್ಲಿ ಬೇರೆ ಏನೇನು ಬದಲಾಗಿದೆ ನೋಡಿಕೊಳ್ಳಿ, ಅದೂ ಹೋಗುತ್ತದೆ.

ರೆಡಿಮೇಡ್ ಥೀಮ್ ತಗೊಂಡರೆ ಆಗಲ್ವಾ?

ಧಾರಾಳವಾಗಿ ಆಗುತ್ತದೆ. ವರ್ಡ್‌ಪ್ರೆಸ್ ಜೊತೆಗೇ ಬರುವ ಥೀಮ್ ಮೇಲೆ ಚೈಲ್ಡ್ ಥೀಮ್ (ಮೂಲವನ್ನು ಮುಟ್ಟದೆ ಬದಲಾವಣೆ ಮಾತ್ರ ಇಟ್ಟುಕೊಳ್ಳುವ ಮರಿ ಥೀಮ್) ಮಾಡಿ, ಫಾಂಟ್, ಲೈನ್ ಹೈಟ್, ಬಣ್ಣ ಮಾತ್ರ ಬದಲಿಸಿ. ಮೂಲ ಥೀಮ್‌ನ ಫೈಲನ್ನೇ ತಿದ್ದಬೇಡಿ. ಮುಂದಿನ ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಎಲ್ಲ ಅಳಿಸಿಹೋಗುತ್ತದೆ.

ಅಂಕಿಗಳು ಕನ್ನಡದಲ್ಲಿ ಬರಬೇಕಾ?

ನಿಮ್ಮಿಷ್ಟ. ಪಟ್ಟಿಗಳಿಗೆ ಕನ್ನಡ ಅಂಕಿ ಬೇಕಿದ್ದರೆ ಟೈಪ್ ಮಾಡಬೇಕಾಗಿಲ್ಲ. ಸಿಎಸ್‌ಎಸ್‌ನ ಲಿಸ್ಟ್ ಸ್ಟೈಲ್‌ನಲ್ಲಿ 'ಕನ್ನಡ' ಅನ್ನುವ ಆಯ್ಕೆಯೇ ಇದೆ, ೧, ೨, ೩ ಅಂತ ತಾನೇ ಬರುತ್ತದೆ. ಫೋನ್ ನಂಬರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆ ಮಾತ್ರ 1, 2, 3ರಲ್ಲೇ ಇರಲಿ. ಜನ ಕಾಪಿ ಮಾಡಿಕೊಳ್ಳುತ್ತಾರೆ.

ನಮ್ಮ ಹಳೇ ಲೇಖನಗಳು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದವು. ಥೀಮ್ ಹಾಕಿದರೆ ಸರಿ ಹೋಗುತ್ತಾ?

ಯೂನಿಕೋಡ್ ನುಡಿ ಆಗಿದ್ದರೆ ಏನೂ ತೊಂದರೆ ಇಲ್ಲ. ಯೂನಿಕೋಡ್‌ಗೆ ಮುಂಚಿನ ಹಳೇ ಆಸ್ಕಿ ನುಡಿ ಅಥವಾ 'ಬರಹ' ತಂತ್ರಾಂಶದ್ದು ಆಗಿದ್ದರೆ ಯಾವ ಥೀಮ್ ಬಂದರೂ ಸರಿ ಹೋಗಲ್ಲ. ಅಲ್ಲಿರೋದು ನಿಜಕ್ಕೂ ಕನ್ನಡ ಅಕ್ಷರ ಅಲ್ಲ, ಕನ್ನಡದ ಮುಖವಾಡ ಹಾಕಿದ ಬೇರೆ ಅಕ್ಷರಗಳು. ಫಾಂಟ್ ಬದಲಿಸಿದ ಕೂಡಲೇ ಮುಖವಾಡ ಕಳಚುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ, ಆಮೇಲೆ ಥೀಮಿನ ಮಾತು.

ಕೆಲಸ ಒಪ್ಪಿಸುವ ಮುಂಚೆ ಹೇಗೆ ಪರೀಕ್ಷೆ ಮಾಡ್ತೀರಿ?

ತೋರಿಕೆಗೆ ಹಾಕುವ ಲ್ಯಾಟಿನ್ ಬರಹವನ್ನು ನಾನು ಮುಟ್ಟುವುದಿಲ್ಲ. ಒಂದು ಕೆಟ್ಟ ಪುಟ ಇಟ್ಟುಕೊಂಡಿದ್ದೇನೆ. ಅದರಲ್ಲಿ 'ರಾಷ್ಟ್ರೀಯ ಸ್ತ್ರೀ ಶಕ್ತಿ' ಅಂತ ಶುರುವಾಗಿ ಹದಿನಾಲ್ಕು ಪದ ಓಡುವ ಶೀರ್ಷಿಕೆ ಇದೆ. 'ಊಟ' ಅಂತ ಒಂದೇ ಪದದ ಶೀರ್ಷಿಕೆಯೂ ಇದೆ. ಚಿತ್ರವೇ ಇಲ್ಲದ ಲೇಖನ, ಉದ್ದುದ್ದ ನಿಂತ ಫೋನ್ ಫೋಟೋ ಇರುವ ಲೇಖನ, ಒಂದು ಲೇಖನವೂ ಇಲ್ಲದ ವಿಭಾಗ, ಎಂಟು ಕಾಲಂ ಇರುವ ಮೇಳದ ತಿರುಗಾಟದ ಪಟ್ಟಿ.

ಇದನ್ನು 320 ಪಿಕ್ಸೆಲ್ ಅಗಲದಲ್ಲಿ ನೋಡುತ್ತೇನೆ. ಬ್ರೌಸರ್‌ನಲ್ಲಿ 400 ಶೇಕಡಾ ಝೂಮ್ ಮಾಡಿ ನೋಡುತ್ತೇನೆ. ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯಲ್ಲೇ ಎಲ್ಲ ಲಿಂಕಿಗೂ ಹೋಗಲು ಬರುತ್ತಾ ಅಂತ ನೋಡುತ್ತೇನೆ. ಕೊನೆಗೆ ಫೋನನ್ನು ಬಿಸಿಲಿಗೆ ಹಿಡಿದು ದಿನಾಂಕ ಓದುತ್ತೇನೆ. ಬೂದು ಬಣ್ಣದ ನಿಜ ಬಣ್ಣ ಬಯಲಾಗೋದು ಅಲ್ಲೇ.

ಕೆಲಸ ಮುಗಿದ ಮೇಲೆ ನಮ್ಮ ಕೈಗೆ ಏನೇನು ಬರಬೇಕು?

ಥೀಮ್‌ನ ಜಿಪ್ ಫೈಲ್. ಫಾಂಟ್ ಫೈಲ್‌ಗಳು ಮತ್ತು ಅವುಗಳ ಲೈಸೆನ್ಸ್. ಲೋಗೋದ ಎಸ್‌ವಿಜಿ, ಯಾಕೆಂದರೆ ವಾಟ್ಸಾಪ್‌ನಲ್ಲಿ ಬಂದ ಜೆಪೆಗ್ ಅನ್ನು ಲೋಗೋ ಅನ್ನಲು ಬರುವುದಿಲ್ಲ. ಬಣ್ಣ, ಗಾತ್ರ, ಅಳತೆಗಳ ಹೆಸರು ಬರೆದ ಒಂದು ಹಾಳೆ. ಡೊಮೇನ್ ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ಇರಬೇಕು. ಥೀಮ್ ಮಾಡಿದವರ ಹೆಸರಿನಲ್ಲಿದ್ದರೆ ಇವತ್ತೇ ಬದಲಿಸಿ, ಅದು ನಾನೇ ಆಗಿದ್ದರೂ ಸರಿ.